ಎಮಿಲ್ ಹಾಪ್ಕೆಯ ನೀಲಿ ಕಾರ್ಡು

ಅಕ್ಟೋಬರ್ 9, 2001, ಮಂಗಳವಾರ

ಹಳೆಯ ದಿನಚರಿಯನ್ನು ಅಣ್ಣ ಇಕ್ರಾಮ್ ಭಾಯ್ ನನ್ನ ಕೈಯಿಂದಲೇ ಚೂರು ಮಾಡಿಸಿ ಕಸದ ಚೀಲಕ್ಕೆ ಹಾಕಿಸಿದ. ಕನ್ನಡದಲ್ಲಿದೆ, ಯಾರಿಗೂ ಅರ್ಥವಾಗುವುದಿಲ್ಲ ಎಂದೆ.

“ಅರ್ಥ ಆಗಲ್ಲ ಅಂತಾನೇ ಹೇಳ್ತಿರೋದು ಅನಮ್. ಆ ಟವರ್‌ಗಳು ಬಿದ್ಮೇಲೆ ಅರ್ಥ ಆಗ್ದೇ ಇರೋದನ್ನ ಕಂಡ್ರೆ ಈ ಅಮೆರಿಕದವ್ರಿಗೆ ಭಯ.”

“ಉರ್ದೂಲಿ ಬರೀಲಿಲ್ವಲ್ಲ, ಪುಣ್ಯ” ಎಂದು ಅವನ ಹೆಂಡತಿ ಖಲೀದಾ ಭಾಬಿ ನಕ್ಕಳು. ನಾವಿಬ್ಬರೂ ನಗದಿದ್ದದ್ದನ್ನು ನೋಡಿ ಅವಳೂ ನಿಲ್ಲಿಸಿದಳು.

ಇದು ಹೊಸ ನೋಟ್‌ಬುಕ್. ಕಾರಿನ ಸೀಟಿನ ಕೆಳಗೆ ಇಡುತ್ತೇನೆ. ಬರೆಯುವುದೂ ಕಾರಿನಲ್ಲೇ, ಹೆಚ್ಚಾಗಿ ಮಧ್ಯಾಹ್ನ, ಸಂಘದ ಪಾರ್ಕಿಂಗಿನಲ್ಲಿ.

ಭಾಯ್ ಮನೆ ಇರುವ ಪ್ಲೇನ್‌ಫೀಲ್ಡಿನಿಂದ ಹೋಲ್ಟ್‌ವಿಲ್‌ಗೆ ಹದಿನೆಂಟು ಮೈಲಿ. ಕಾಲುವೆ ದಂಡೆಯ ಸಣ್ಣ ಊರು. ಒಂದು ಕಾಲದಲ್ಲಿ ಜರ್ಮನರೇ ತುಂಬಿದ್ದರಂತೆ. ಅದರ ಇತಿಹಾಸ ಸಂಘದ ಅಧ್ಯಕ್ಷರು ಕೊನ್ರಾಡ್ ಟೀಲ್‌ಮನ್, ಎಪ್ಪತ್ತೇಳು ವರ್ಷ. ಎರಡನೆಯ ಮಹಾಯುದ್ಧ ಮುಗಿದು ಏಳು ವರ್ಷಕ್ಕೆ ಜರ್ಮನಿಯಿಂದ ಇಲ್ಲಿಗೆ ಬಂದವರು. ಶಿಕಾಗೋದ ಒಂದು ಜರ್ಮನ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತ, ಕೆಲಸಕ್ಕೆ ಮುಂಚೆ ದಿನಕ್ಕೊಂದು ಪುಟದಂತೆ ಐದು ಐತಿಹಾಸಿಕ ಕಾದಂಬರಿ ಬರೆದರು. ಎಲ್ಲವೂ ಜರ್ಮನ್ ಭಾಷೆಯಲ್ಲಿ. ಅವನ್ನು ಈಗ ಈ ಊರಿನಲ್ಲಿ ಓದಬಲ್ಲವಳು ನಾನೊಬ್ಬಳೇ. ಬೆಂಗಳೂರಿನಲ್ಲಿ ಕಲಿಯಲು ಶುರು ಮಾಡಿದ ಜರ್ಮನ್ ನನ್ನನ್ನು ಇಲ್ಲಿಗೆ ತಂದಿತು, ಎಂ.ಎ. ಕೊಟ್ಟಿತು, ಈ ಕೆಲಸವನ್ನೂ ಕೊಟ್ಟಿತು.

ಟೀಲ್‌ಮನ್ ಅವರ ಬಳಿ ಹನ್ನೊಂದು ಸಾವಿರ ಕಾರ್ಡುಗಳಿವೆ. ಕಾಗದಪತ್ರದಲ್ಲಿ ಸಿಕ್ಕಿದ್ದು ಬಿಳಿ ಕಾರ್ಡಿನಲ್ಲಿ. ಕಾದಂಬರಿಗಾಗಿ ತಾವೇ ಕಲ್ಪಿಸಿದ್ದು ನೀಲಿಯಲ್ಲಿ. “ಬಿಳಿ, ನೀಲಿ ಒಂದೇ ಡಬ್ಬಿಯಲ್ಲಿ ಮಲಗಬಾರದು” ಎನ್ನುತ್ತಾರೆ. ಬಿಳಿಯವನ್ನು ನೋಡಿ ಊರಿನ ಚರಿತ್ರೆಯನ್ನು ಕಂಪ್ಯೂಟರಿಗೆ ಟೈಪ್ ಮಾಡುವುದು ನನ್ನ ಕೆಲಸ. ಊರಿಗೆ ನೂರೈವತ್ತು ತುಂಬುವ ಏಪ್ರಿಲ್‌ನಲ್ಲಿ ಪುಸ್ತಕ ಬರಬೇಕು. ಆ ಪುಸ್ತಕಕ್ಕೆ ಸಿಕ್ಕ ಗ್ರಾಂಟಿನಿಂದಲೇ ನನ್ನ ಸಂಬಳ. ಸಂಘ ನನ್ನ ವೀಸಾಕ್ಕೆ ಅಪ್ಲೈ ಮಾಡುವುದೂ ಅದನ್ನು ನಂಬಿಯೇ. ಓದು ಮುಗಿದ ಮೇಲೆ ಕೊಟ್ಟ ಒಂದು ವರ್ಷದ ಅನುಮತಿ ಜೂನ್‌ಗೆ ತೀರುತ್ತದೆ. ಟೀಲ್‌ಮನ್ ಅವರ ಶಿಫಾರಸು ಪತ್ರ ಡಿಸೆಂಬರ್‌ನಲ್ಲಿ ಹೋಗಬೇಕು.

ನಾಳೆ ಕಾಲುವೆಯ ಹಳೆಯ ಗೇಟು, ರೈಲ್ವೆ ಸೇತುವೆ ಎರಡರ ಫೋಟೋ ತೆಗೆದು ತನ್ನಿ ಎಂದಿದ್ದಾರೆ. ಈ ತಿಂಗಳು ಬೇಡ ಸರ್, ನನಗೆ ಭಯವಾಗುತ್ತದೆ ಎಂದು ಹೇಳಬೇಕಿತ್ತು. ಆಯಿತು ಎಂದೆ.

ಅಕ್ಟೋಬರ್ 12, ಶುಕ್ರವಾರ

ನಿನ್ನೆ ಸಂಜೆ ಆರಕ್ಕೆ ಸರ್ಕಾರದವರಿಬ್ಬರು ಮನೆಗೆ ಬಂದರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಶೂ ಬಿಚ್ಚಬೇಕೇ ಎಂದು ಆಕೆ ಕೇಳಿದಳು. ಭಾಯ್ “ನೋ ನೋ, ಪ್ಲೀಸ್” ಎಂದ. ನಾವು ನಮಾಜು ಮಾಡುವ ಕಾರ್ಪೆಟ್ಟಿನ ಮೇಲೆ ಶೂ ಹಾಕಿಕೊಂಡು ಯಾರಾದರೂ ನಡೆದದ್ದು ಅದೇ ಮೊದಲು.

ಬುಧವಾರ ರೈಲ್ವೆ ಸೇತುವೆ ಹತ್ತಿರ ಭಾಯ್ ಹೆಸರಿನ ಕಾರು ನಿಂತಿತ್ತು, ಯಾರೋ ಫೋಟೋ ತೆಗೆಯುತ್ತಿದ್ದರು ಎಂದು ಒಂದು ಫೋನ್ ಬಂದಿತ್ತಂತೆ. ನಾನು ಕ್ಯಾಮೆರಾ ತಂದು ಕೊಟ್ಟೆ. ಸಂಘದ ನಂಬರ್ ಕೊಟ್ಟೆ. ಭಾಯ್ ಆಸ್ಪತ್ರೆ ಲ್ಯಾಬಿನ ಗುರುತಿನ ಚೀಟಿ ತೋರಿಸುವಾಗ ಪರ್ಸಿನಿಂದ ಏನೇನೋ ಕೆಳಗೆ ಬಿತ್ತು. ಆ ಹೆಂಗಸೇ ಬಗ್ಗಿ ಎತ್ತಿಕೊಟ್ಟಳು. ಒಳ್ಳೆಯವಳೇ. ನಲವತ್ತು ನಿಮಿಷ ಇದ್ದು ಫಿಲ್ಮ್ ರೋಲ್ ತೆಗೆದುಕೊಂಡು ಹೋದರು.

ಅವರು ಹೋದ ಮೇಲೂ ನಾವು ಪಿಸುಗುಟ್ಟುತ್ತಲೇ ಇದ್ದೆವು. ಭಾಯ್ ಮಗಳು, ಏಳು ವರ್ಷದ ಆಯತ್, ಮೆಟ್ಟಿಲ ಮೇಲಿಂದ, “ವೈ ಆರ್ ವಿ ವಿಸ್ಪರಿಂಗ್? ದೇ ಲೆಫ್ಟ್!” ಎಂದು ಕೂಗಿದಳು.

“ಸೇತುವೆ ಹತ್ರ ಯಾರಾದ್ರೂ ನಿನ್ನ ನೋಡಿದ್ರಾ?” ಭಾಬಿ ಅಡುಗೆಮನೆಯಲ್ಲಿ ಕೇಳಿದಳು.

“ಗೊತ್ತಿಲ್ಲ ಭಾಬಿ. ರೋಡಲ್ಲಿ ಒಂದು ಮೆರೂನ್ ವ್ಯಾನ್ ಹೋಯ್ತು. ನಮ್ ಗುರುಸಿದ್ದ ಅಂಕಲ್ ವ್ಯಾನ್ ಇದ್ಯಲ್ಲ, ಆ ಥರದ್ದು.”

ಗುರುಸಿದ್ದ ಅಂಕಲ್ ನಮ್ಮ ಬಡಾವಣೆಯಲ್ಲೇ ಮೂರು ಮನೆ ಆಚೆ ಇರುವ ಗದಗಿನವರು. ಅವರ ಹೆಂಡತಿ ಜಯದೇವಿ ಆಂಟಿ ರೊಟ್ಟಿ ಬಡಿದ ದಿನ ನಮಗೂ ನಾಲ್ಕು ಬರುತ್ತವೆ.

ಅಕ್ಟೋಬರ್ 13, ಶನಿವಾರ

ಡೋರ್‌ಬೆಲ್ ಆಯಿತು. ನಾನು ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಕೂತೆ. ಪಿಜ್ಜಾದವನು, ಪಕ್ಕದ ಮನೆಗೆ ಬಂದವನು.

ಅಕ್ಟೋಬರ್ 24, ಬುಧವಾರ

ಟೀಲ್‌ಮನ್ ಅವರಿಗೆ ಫಿಲ್ಮಿನ ವಿಷಯ ಇವತ್ತು ಹೇಳಿದೆ. ಹದಿಮೂರು ದಿನ ಬೇಕಾಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕ್ಷಮಿಸಿ ಎನ್ನಲಿಲ್ಲ.

“ಫೋನ್ ಮಾಡಿದವರು ಯಾರೆಂದು ಹೇಳಿದರೇ?”

“ಇಲ್ಲ.”

“ಹೇಳುವುದಿಲ್ಲ” ಎಂದರು, ಬಹಳ ಹಿಂದಿನಿಂದ ಬಲ್ಲವರ ಹಾಗೆ.

1962ರ ಅವರ ಕಾದಂಬರಿ ಓದಿ ಮುಗಿಸಿದೆ. ಇದೇ ಊರಿನ ಕಥೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಲ್ಲಿಯವರು ಜರ್ಮನ್ ಮಾತಾಡುವವರನ್ನೆಲ್ಲ ಶತ್ರುಗಳೆನ್ನುತ್ತಿದ್ದರು. 1918ರ ಏಪ್ರಿಲ್‌ನಲ್ಲಿ ಒಂದು ಗುಂಪು ಲೋಮನ್ ಎಂಬ ಶಾಲಾ ಮಾಸ್ತರನ್ನು ಅವನು ಅಡಗಿದ್ದ ಕಡೆಯಿಂದ ಎಳೆತಂದು, ಮೈಗೆಲ್ಲ ಹಳದಿ ಬಣ್ಣ ಬಳಿದು ಬೀದಿಯಲ್ಲಿ ನಡೆಸಿತು. ಒಂದು ತಿಂಗಳಲ್ಲಿ ಅವನು ಕಾಲುವೆಗೆ ಬಿದ್ದು ಸತ್ತ. ಇಷ್ಟು ನಿಜವಾಗಿ ನಡೆದದ್ದು, ಬಿಳಿ ಕಾರ್ಡುಗಳಿವೆ. ಕಾದಂಬರಿಯಲ್ಲಿ ಅವನು ಅಡಗಿದ್ದ ಜಾಗವನ್ನು ಗುಂಪಿಗೆ ತೋರಿಸಿಕೊಟ್ಟವನು ಬೇಕರಿಯ ಎಮಿಲ್ ಹಾಪ್ಕೆ.

ಆ ಹಾಪ್ಕೆಯ ಮಗಳು ಮಾರ್ಥಾ ಇನ್ನೂ ಇದ್ದಾರೆ, ಎಂಬತ್ತನಾಲ್ಕು ವರ್ಷ, ಸಂಘದ ಎದುರು ಮನೆ. ಪ್ರತಿ ಬುಧವಾರ ಟೀಲ್‌ಮನ್ ಅವರಿಗೆ ಕೈಯಾರೆ ಸುಟ್ಟ ರೈ ಬ್ರೆಡ್ ತಂದುಕೊಡುತ್ತಾರೆ. ಇವತ್ತು ಕೋಟು ಬಿಚ್ಚದೆ ನಿಂತೇ ಕೇಳಿದರು: “ಪುಸ್ತಕದಲ್ಲಿ ನಮ್ಮಪ್ಪ ಇದ್ದಾನೆಯೇ ಕೊನ್ರಾಡ್?”

“ಇರಬೇಕಾದವರೆಲ್ಲ ಇರುತ್ತಾರೆ ಮಾರ್ಥಾ.”

ಆಕೆ ತಲೆಯಾಡಿಸಿ, ಬ್ರೆಡ್ಡಿನ ಪೊಟ್ಟಣವನ್ನು ಮೇಜಿನ ಅಂಚಿಗೆ ಸರಿಯಾಗಿ ಕೂರುವಂತೆ ಸರಿಸಿ ಹೋದರು.

ನವೆಂಬರ್ 6, ಮಂಗಳವಾರ

ಇದನ್ನು ಬರೆಯಲೇಬೇಕು, ಬರೆಯದಿದ್ದರೆ ಬಾಯಿಗೆ ಬಂದುಬಿಡುತ್ತದೆ.

ಚರಿತ್ರೆಯ 1918ರ ಅಧ್ಯಾಯ ಟೈಪ್ ಮಾಡಿದೆ. “ಲೋಮನ್ ಅಡಗಿದ್ದ ಜಾಗವನ್ನು ತೋರಿಸಿದವನು ಎಮಿಲ್ ಹಾಪ್ಕೆ.” ಅಡಿಟಿಪ್ಪಣಿಯಲ್ಲಿ ಆಧಾರವಿದೆ, 1974ರ ಸ್ಥಳೀಯ ಪತ್ರಿಕೆಯ ಒಂದು ಲೇಖನ. ತಾರೀಖು ಸರಿ ಇದೆಯೇ ನೋಡೋಣವೆಂದು ಲೈಬ್ರರಿಗೆ ಹೋಗಿ ಆ ಹಳೆಯ ಪತ್ರಿಕೆಯ ಮೈಕ್ರೋಫಿಲ್ಮ್ ಹಾಕಿಸಿದೆ. ಸರಿ ಇತ್ತು. ಆದರೆ ಆ ಲೇಖನದಲ್ಲಿ ಹೀಗಿದೆ: ಹಿರಿಯರು ಹೇಳುವಂತೆ, ಹಾಪ್ಕೆ ಬಲಗೈಯಿಂದ ದಾರಿ ತೋರಿಸುತ್ತ, ಎಡಗೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದ.

ಆ ಹಿಟ್ಟನ್ನು ನಾನು ಓದಿದ್ದೇನೆ. ಕಾದಂಬರಿಯ ಇನ್ನೂರ ಹನ್ನೊಂದನೆಯ ಪುಟ. ಅದೇ ಬಲಗೈ, ಅದೇ ಎಡಗೈ. ಕಾದಂಬರಿ ಬಂದು ಹನ್ನೆರಡು ವರ್ಷವಾದ ಮೇಲೆ, ಅದನ್ನು ಓದಿದ್ದ ಯಾವುದೋ ಮುದುಕ ಪತ್ರಿಕೆಯವನಿಗೆ ಹೇಳಿರಬೇಕು. ಪತ್ರಿಕೆಯವನು ಅಚ್ಚು ಹಾಕಿದ. ಈಗ ಕಾದಂಬರಿ ಬರೆದವರೇ ಆ ಪತ್ರಿಕೆಯನ್ನು ಆಧಾರ ಎನ್ನುತ್ತಿದ್ದಾರೆ.

ಅಥವಾ ಹಾಪ್ಕೆ ನಿಜಕ್ಕೂ ತೋರಿಸಿದ್ದನೇ? ನನಗೇನು ಗೊತ್ತು. ನಾನು ಟೈಪ್ ಮಾಡುವವಳು.

ನವೆಂಬರ್ 7, ಬುಧವಾರ

ಟೀಲ್‌ಮನ್ ಡಾಕ್ಟರ ಹತ್ತಿರ ಹೋಗಿದ್ದರು. ನೀಲಿ ಕಾರ್ಡುಗಳ ಡಬ್ಬಿ ತೆಗೆದೆ. ಮುಟ್ಟಬೇಡ ಎಂದು ಯಾವತ್ತೂ ಹೇಳಿರಲಿಲ್ಲ. ಆದರೂ ಕಳ್ಳಿಯ ಹಾಗೆ ಬಾಗಿಲ ಕಡೆಗೆ ಮುಖ ಮಾಡಿ ನಿಂತು ಹುಡುಕಿದೆ. ಮಾರ್ಚ್ 1961ರ ಕಾರ್ಡು, ಅವರದೇ ಮೊಳೆ ಜೋಡಿಸಿದಂಥ ಅಕ್ಷರ:

“ಸುಳಿವು ಕೊಟ್ಟವನು. ದಾಖಲೆಯಲ್ಲಿ ಯಾರೂ ಇಲ್ಲ. ಹೆಸರು ಬೇಕು. ಬೇಕರಿಯವನಾಗಲಿ: ಬೆಳಗಿನ ಜಾವ ಎದ್ದಿರುವವನು, ಎಲ್ಲ ನೋಡುವವನು. ಬೋರ್ಡಿನ ಮೇಲಿನ ಹೆಸರು ಚೆನ್ನಾಗಿದೆ. ಹಾಪ್ಕೆ.”

ಕಾರ್ಡನ್ನು ಬ್ಯಾಗಿಗೆ ಹಾಕಿಕೊಂಡೆ. ಯಾಕೆ ಹಾಕಿಕೊಂಡೆ? ಹೊರಗೆ ಮಾರ್ಥಾ ಬ್ರೆಡ್ ಹಿಡಿದು ರಸ್ತೆ ದಾಟುತ್ತಿದ್ದರು. ಹಿಂದಿನ ಬಾಗಿಲಿನಿಂದ ಹೋಗಿ ಕಾರಿನಲ್ಲಿ ಕೂತೆ.

ನವೆಂಬರ್ 8, ಗುರುವಾರ

ಟೀಲ್‌ಮನ್ ನನ್ನ ವೀಸಾ ಪತ್ರದ ಕರಡನ್ನು ಮನೆಗೆ ಒಯ್ದು ಓದಿ ಎಂದು ಕೊಟ್ಟರು. “ಇವರ ಪ್ರಾಮಾಣಿಕತೆ ಅಪರೂಪದ್ದು” ಎಂದು ಬರೆದಿದ್ದಾರೆ. ಪುಸ್ತಕ ಪ್ರೆಸ್ಸಿಗೆ ಹೋದ ದಿನ ಸಹಿ ಹಾಕುತ್ತಾರಂತೆ. ಥ್ಯಾಂಕ್ಯೂ ಎಂದೆ. ಎರಡು ಸಲ ಎಂದೆ.

ನವೆಂಬರ್ 17, ಶನಿವಾರ

ರಂಜಾನ್ ತಿಂಗಳ ಮೊದಲ ರೋಜಾ. ಇಲ್ಲಿ ಚಳಿಗಾಲದ ಉಪವಾಸ ಸುಲಭ. ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಪ್ರತಿ ವರ್ಷ ಈ ದಿನ ಜಯದೇವಿ ಆಂಟಿ ಒಂದು ತಟ್ಟೆ ಮಿರ್ಚಿ ಭಜಿ ತರುತ್ತಾರೆ. ಈ ಸಲವೂ ಬೆಲ್ ಆಯಿತು. ಕಿಟಕಿಯಿಂದ ನೋಡಿದ ಭಾಯ್ ಬಾಗಿಲು ತೆಗೆಯಬೇಡ ಎಂದು ಕೈ ಮಾಡಿದ.

“ಲೈಟ್ ಹಾಕಿದೆ, ಕಾರಿದೆ. ಒಳಗಿದೀವಿ ಅಂತ ಗೊತ್ತಾಗಲ್ವಾ?” ಎಂದಳು ಭಾಬಿ.

“ಗೊತ್ತಾಗ್ಲಿ. ಫೋನ್ ಮಾಡ್ದೋರ ಮನೆ ಭಜಿ ನನಗೆ ಬೇಡ.”

ಆಂಟಿ ಸ್ವಲ್ಪ ಹೊತ್ತು ನಿಂತು, ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಮೇಲೆ ಮುಚ್ಚಿದ ಫಾಯಿಲ್ ಗಾಳಿಗೆ ಹಾರದಂತೆ ಅಂಚನ್ನು ಒತ್ತಿ ಹೋದರು. ಖರ್ಜೂರ ನನ್ನ ಬಾಯಲ್ಲೇ ಉಳಿಯಿತು. ಫೋನ್ ಮಾಡಿದ್ದು ಗುರುಸಿದ್ದ ಅಂಕಲ್ ಎಂದು ಭಾಯ್‌ಗೆ ಯಾವಾಗ ಗೊತ್ತಾಯಿತು? ನನಗೆ ಯಾರೂ ಹೇಳಲಿಲ್ಲ. ಅಂಥವರೆಂದು ಅನ್ನಿಸಿರಲಿಲ್ಲ. ಇನ್ನು ಅವರ ಮನೆ ಮುಂದೆ ಹೋಗುವಾಗ ಎಚ್ಚರವಿರಬೇಕು.

ನವೆಂಬರ್ 26, ಸೋಮವಾರ

ಇವತ್ತು ಸಂಜೆ ಊಟಕ್ಕೆ ಕೂತಾಗ ಕೇಳಿದೆ.

“ಭಾಯ್, ಫೋನ್ ಮಾಡಿದ್ದು ಅವರೇ ಅಂತ ಯಾರು ಹೇಳಿದ್ರು?”

“ಎಲ್ರಿಗೂ ಗೊತ್ತು. ಮಸೀದೀಲಿ ಹಸ್ನೈನೇ ಹೇಳ್ದ.”

“ಹಸ್ನೈನ್ ಭಾಯ್‌ಗೆ?”

“ಅವನ ಹೆಂಡ್ತಿ ಹೇಳಿರ್ಬೇಕು. ಏನೀಗ, ನೀನು ಲಾಯರ್ ಆಗ್ತೀಯಾ?”

ಭಾಬಿ ಚಮಚ ಕೆಳಗಿಟ್ಟಳು. “ಅವಳಿಗೆ ನಾನೇ ಹೇಳಿದೆ, ಅಂಗಡೀಲಿ ಸಿಕ್ಕಾಗ. ನನಗೆ ನೀನೇ ಅಲ್ವಾ ಅನಮ್ ಹೇಳಿದ್ದು? ಸೇತುವೆ ಹತ್ರ ಅವ್ರ ವ್ಯಾನ್ ನೋಡಿದೆ ಅಂತ.”

“ಆ ಥರದ್ದು ಅಂದೆ ಭಾಬಿ.”

“ಅದೇ.”

ಭಾಯ್ ತಟ್ಟೆ ತೆಗೆದುಕೊಂಡು ಟಿವಿ ಮುಂದೆ ಹೋದ. ಆ ಸರ್ಕಾರದವರು ಬಂದ ದಿನವೂ ನಾನು ಇಷ್ಟು ಹೆದರಿರಲಿಲ್ಲ. ಅವತ್ತು ನಾನು ಏನೂ ಮಾಡಿರಲಿಲ್ಲ.

ನವೆಂಬರ್ 28, ಬುಧವಾರ

ಕೋಟನ್ನೂ ಬಿಚ್ಚದೆ ಹೋಗಿ ನೀಲಿ ಕಾರ್ಡನ್ನು ಟೀಲ್‌ಮನ್ ಅವರ ಮುಂದಿಟ್ಟೆ. ಅದರ ಪಕ್ಕ ಪತ್ರಿಕೆಯ ಜೆರಾಕ್ಸ್, ಅದರ ಪಕ್ಕ ಕಾದಂಬರಿಯ ಇನ್ನೂರ ಹನ್ನೊಂದನೆಯ ಪುಟ. ಕುರ್ಚಿಯ ಬೆನ್ನು ಹಿಡಿದು ನಿಂತೆ.

ಮೂರನ್ನೂ ಓದಿದರು. ಮತ್ತೆ ಓದಿದರು. “ಇದನ್ನು ಯಾರಿಗೆ ತೋರಿಸಿದ್ದೀರಿ?”

“ಯಾರಿಗೂ ಇಲ್ಲ.”

“ಬೇಕರಿಯ ಬೋರ್ಡು ಚೆನ್ನಾಗಿತ್ತು. ಹಸಿರು ಅಕ್ಷರ. ಅಷ್ಟೇ ಕಾರಣ.”

“1974ರಲ್ಲಿ ಪತ್ರಿಕೆಯಲ್ಲಿ ಬಂದಾಗ ನಿಮಗೆ ಗೊತ್ತಾಗಲಿಲ್ಲವೇ?”

“ಸಂತೋಷವಾಯಿತು” ಎಂದರು. “ನಾನು ಕಲ್ಪಿಸಿದ್ದು ನಿಜವಾಗಿ ನಡೆದಿತ್ತು ಎಂದುಕೊಂಡೆ. ಕಾದಂಬರಿ ಬರೆಯುವವನಿಗೆ ಅದಕ್ಕಿಂತ ಏನು ಬೇಕು? ಆ ದಿನವೇ ಬಿಳಿ ಕಾರ್ಡು ಬರೆದೆ.”

ಅಲ್ಲಿಗೆ ನಿಲ್ಲಿಸಬಹುದಿತ್ತು. “ನಿಮ್ಮ ಐದು ಕಾದಂಬರಿಗಳಲ್ಲೂ ಒಬ್ಬ ಹೀಗೆ ಬೆರಳು ತೋರಿಸುತ್ತಾನೆ” ಎಂದೆ. “ಐದರಲ್ಲೂ.”

ಅವರು ಕಿಟಕಿಯ ಕಡೆ ನೋಡುತ್ತ ಜರ್ಮನ್‌ಗೆ ಹೊರಳಿದರು. ಅವರ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುವವರೊಬ್ಬರಿದ್ದರು. 1940ರಲ್ಲಿ ಅವರು ಗೋಡೆಯಾಚೆ, ಸರ್ಕಾರ ನಿಷೇಧಿಸಿದ್ದ ಲಂಡನ್ ರೇಡಿಯೋ ಕೇಳುತ್ತಾರೆ ಎಂದು ಹದಿನಾರು ವರ್ಷದ ಕೊನ್ರಾಡ್ ಶಾಲೆಯಲ್ಲಿ ಹೇಳಿದ. ಹೇಳು ಎಂದು ಯಾರೂ ಕೇಳಿರಲಿಲ್ಲ. ಮೇಷ್ಟರ ಮೆಚ್ಚುಗೆಗೆ ಹೇಳಿದ. “ಅವರು ಸಾಯಲಿಲ್ಲ. ಯುದ್ಧ ಮುಗಿದ ಮೇಲೆ ಜೈಲಿನಿಂದ ಹಲ್ಲಿಲ್ಲದೆ ಹಿಂದಿರುಗಿದರು. ದಾರಿಯಲ್ಲಿ ಸಿಕ್ಕಾಗಲೆಲ್ಲ ನನಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ದಿನಾ. ಅದಕ್ಕೇ ಊರು ಬಿಟ್ಟೆ.”

ಆಮೇಲೆ ಅವರು ಇಂಗ್ಲಿಷಿಗೆ ಬಂದು, “ಈ ಸಾಲು ತೆಗೆದುಬಿಡೋಣ. ಪುಸ್ತಕ ಹೋಗಲಿ” ಎಂದರು.

“ಆ ಪತ್ರಿಕೆ ನಲವತ್ತೊಂದು ಕಡೆ ಅಡಿಟಿಪ್ಪಣಿಯಲ್ಲಿದೆ ಸರ್. ಉಳಿದವುಗಳಲ್ಲಿ ಎಷ್ಟು ನಿಮ್ಮ ಕಾದಂಬರಿಯಿಂದ ಹೋದವು ಎಂದು ಒಂದೊಂದೇ ನೋಡಬೇಕು.”

“ಅದಕ್ಕೆ ಒಂದು ವರ್ಷ ಬೇಕು. ಏಪ್ರಿಲ್‌ಗೆ ಪುಸ್ತಕವಿಲ್ಲದಿದ್ದರೆ ಗ್ರಾಂಟ್ ಇಲ್ಲ. ಗ್ರಾಂಟ್ ಇಲ್ಲದಿದ್ದರೆ ನಿಮ್ಮ ವೀಸಾಕ್ಕೆ ಸಂಘ ಅಪ್ಲೈ ಮಾಡಲಾರದು. ಗೊತ್ತಿದೆಯೇ?”

“ಗೊತ್ತಿದೆ.”



ನವೆಂಬರ್ 30, ಶುಕ್ರವಾರ

ಮಧ್ಯಾಹ್ನ ಇಬ್ಬರೂ ರಸ್ತೆ ದಾಟಿ ಮಾರ್ಥಾ ಮನೆಗೆ ಹೋದೆವು. ಟೀಲ್‌ಮನ್ ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತರು. ನನ್ನಿಂದ ತಪ್ಪಾಗಿದೆ ಮಾರ್ಥಾ ಎಂದರು. ಕಾರ್ಡನ್ನು ಚಾಚಿದರು. ಮಾರ್ಥಾಗೆ ಜರ್ಮನ್ ಬರುವುದಿಲ್ಲ. 1918ರ ನಂತರ ಅವರ ಮನೆಯಲ್ಲಿ ಆ ಭಾಷೆಯ ಒಂದು ಪದವನ್ನೂ ಅಪ್ಪ ಆಡಗೊಡಲಿಲ್ಲವಂತೆ. ನಾನೇ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಹೆಸರು ಬೇಕು. ಬೇಕರಿಯವನಾಗಲಿ. ಬೋರ್ಡಿನ ಮೇಲಿನ ಹೆಸರು ಚೆನ್ನಾಗಿದೆ.

“ಮತ್ತೆ ಓದು.”

ಓದಿದೆ. ಮೂರನೆಯ ಸಲ ಕೇಳಿದರು. ಓದಿದೆ.

“ಪೇಪರಿನಲ್ಲಿ ಬಂದ ದಿನ ಅಪ್ಪ ಇಲ್ಲೇ ಕೂತಿದ್ದ” ಎಂದು ಕುರ್ಚಿಯೊಂದನ್ನು ಮುಟ್ಟಿದರು. “ಎಂಬತ್ತನಾಲ್ಕು ವರ್ಷ ಅವನಿಗೆ, ಈಗ ನನಗಿರುವಷ್ಟೇ. ಮಾರ್ಥಾ, ಅದು ನಾನಲ್ಲ ಎಂದ. ಪೇಪರಿನಲ್ಲಿ ಬಂದಿದೆಯಲ್ಲ ಅಪ್ಪಾ ಎಂದೆ. ಮೂರು ವರ್ಷ ಬದುಕಿದ. ಇನ್ನೊಂದು ಸಲ ಹೇಳಲಿಲ್ಲ.”

ಟೀಲ್‌ಮನ್ ಏನೋ ಹೇಳಲು ಹೋದರು. ಆಕೆ ಕೈ ಎತ್ತಿದರು.

“ನಿನಗೆ ಬ್ರೆಡ್ ಯಾಕೆ ತರುತ್ತಿದ್ದೆ ಗೊತ್ತೇ ಕೊನ್ರಾಡ್? ಅಪ್ಪನ ವಿಷಯ ಎಲ್ಲ ಗೊತ್ತಿದ್ದೂ ಮುಖ ತಿರುಗಿಸದೆ ನನ್ನೊಡನೆ ಮಾತಾಡುತ್ತೀಯಲ್ಲ, ಅದಕ್ಕೆ.”

ಬಾಗಿಲು ಹಾಕುವ ಮೊದಲು ಕಾರ್ಡು ತಮ್ಮ ಬಳಿಯೇ ಇರಲಿ ಎಂದರು. ಟೀಲ್‌ಮನ್ ಮೆಟ್ಟಿಲಿಳಿಯಲು ನನ್ನ ತೋಳು ಹಿಡಿದುಕೊಂಡರು. ಆಫೀಸಿನಲ್ಲಿ, “ಪತ್ರ ಕೊಡಿ, ಸಹಿ ಹಾಕುತ್ತೇನೆ. ಏಪ್ರಿಲ್‌ಗೆ ಪುಸ್ತಕವಿಲ್ಲದ ಮೇಲೆ ಪ್ರಯೋಜನವಿಲ್ಲ, ಆದರೂ ಹಾಕುತ್ತೇನೆ” ಎಂದರು. ನಾನು ಅದನ್ನು ಮನೆಯಿಂದ ತಂದೇ ಇರಲಿಲ್ಲ.

ಡಿಸೆಂಬರ್ 1, ಶನಿವಾರ

ಇದನ್ನು ನನ್ನ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಭಾಯ್ ಕಾರು ತೆಗೆದುಕೊಂಡು ಹೋಗಿದ್ದಾನೆ.

ಬೆಳಗ್ಗೆ ಹನ್ನೊಂದಕ್ಕೆ ಮೂರು ಮನೆ ಆಚೆ ಹೋಗಿ ಬೆಲ್ ಒತ್ತಿದೆ. ಜಯದೇವಿ ಆಂಟಿಯ ಕೈಗೆಲ್ಲ ಜೋಳದ ಹಿಟ್ಟು.

“ಬಾ ಅನಮ್, ಯಾಕ ಹೊರಗ ನಿಂತೀ? ಥಂಡಿ ಐತಿ.”

ನಾನು ಒಳಗೆ ಹೋಗಲಿಲ್ಲ. ಹೇಳಿದೆ. ವ್ಯಾನು, ಅಡುಗೆಮನೆ, ಅಂಗಡಿ, ಮಸೀದಿ, ಎಲ್ಲ. ಭಜಿಯ ದಿನ ನಾವು ಮನೆಯಲ್ಲೇ ಇದ್ದೆವು ಎಂದೂ ಹೇಳಿದೆ.

ಅವರು ಹುಬ್ಬು ಗಂಟಿಕ್ಕಿಕೊಂಡು ಕೇಳಿದರು. “ಆ ದಿನ ನಮ್ಮವರು ಇಟಾಸ್ಕಾದಾಗ ಮೀಟಿಂಗಿನ್ಯಾಗ ಇದ್ರು” ಎಂದರು ಮೊದಲು. ಆಮೇಲೆ ದನಿ ಏರಿತು. “ತಿಂಗಳ ಮ್ಯಾಲಾತು, ನಿಮ್ಮಣ್ಣ ಎದುರಿಗೆ ಸಿಕ್ರ ಮಾರಿ ತಿರುಗಿಸ್ತಾನ. ಲೆಮಾಂಟ್ ಗುಡಿಯಾಗ ನಮ್ಮ ಮಂದೀನೂ ಕೇಳ್ತಾರ, ಹೌದೇನ್ರೀ, ಫೋನ್ ಮಾಡಿದ್ರೇನ್ರೀ ಅಂತ. ಹೌದು ಅನ್ನಲೇನು, ಅಲ್ಲ ಅನ್ನಲೇನು? ಅಲ್ಲ ಅಂದ್ರ ಯಾರು ನಂಬ್ತಾರ?”

ಮಾರ್ಥಾರ ಅಡುಗೆಮನೆಯಲ್ಲಿ ಕೇಳಿದ ಮಾತೇ. ನನಗೆ ಅಳು ಬಂತು.

“ಅಳಬ್ಯಾಡ. ನನ್ನ ಮುಂದ ಹೇಳಿದ್ರ ಏನು ಬಂತು? ನಿಮ್ಮಣ್ಣನ ಮುಂದ ಹೇಳು. ಅಂವ ಹೋಗಿ ಆ ಹಸ್ನೈನನ ಮುಂದ ಹೇಳ್ಲಿ. ಮಾತು ಹೆಂಗ ಹೋತೋ ಹಂಗ ತಿರುಗಿ ಬರ್ಲಿ.” ಬಾಗಿಲು ಹಾಕಿದರು. ಜೋರಾಗಿಯೇ ಹಾಕಿದರು.

ಭಾಯ್‌ಗೆ ಹೇಳಬೇಕಾದವು ಎರಡಿವೆ. ಗುರುಸಿದ್ದ ಅಂಕಲ್ ಅಲ್ಲ ಎನ್ನುವುದು ಒಂದು. ಪತ್ರದಿಂದ ಏನೂ ಆಗುವುದಿಲ್ಲ, ಜೂನ್‌ಗೆ ನಾನು ಹೊರಡಬೇಕಾಗಬಹುದು ಎನ್ನುವುದು ಇನ್ನೊಂದು. ಅವನ ಕೋಪಕ್ಕೆ ನನಗೆ ಇಂದಿಗೂ ಭಯ. ಮೊದಲನೆಯದನ್ನೇ ಮೊದಲು ಹೇಳುತ್ತೇನೆ.

ಗ್ಯಾರೇಜಿನ ಬಾಗಿಲು ಏಳುತ್ತಿದೆ. ಆಯತ್ “ಅಬ್ಬೂ ಈಸ್ ಹೋಮ್!” ಎನ್ನುತ್ತ ಓಡಿದಳು. ನಾನೂ ಕೆಳಗೆ ಹೋಗುತ್ತೇನೆ.